ನಮ್ಮ ಮನೆಯ ಸರದಿ ಬಂದಾಗ

ಆ ಹೆಂಗಸನ್ನು ನಾವೆಲ್ಲ ಅಕ್ಕ ಅಂತ ಕರೆಯುತ್ತಿದ್ದೆವು. ನನಗೆ ಒಡಹುಟ್ಟಿದ ಅಕ್ಕ ಇಲ್ಲ. ಇವಳ ಜೊತೆ ಒಡನಾಡಿದ ಮೇಲೆ ಇಲ್ಲದ್ದೇ ಒಳ್ಳೆಯದಾಯಿತು ಅನ್ನಿಸಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಅಜ್ಜಂಪುರದ ಒಂದು ಶಾಲೆಯಲ್ಲಿ ನಾವು ನಾಲ್ವರು ಟೀಚರುಗಳು. ನಾನೂ ಅಕ್ಕನೂ ಬೆಳಿಗ್ಗೆ ಕಡೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತುತ್ತಿದ್ದೆವು. ಬೀರೂರಿನಲ್ಲಿ ಇನ್ನೊಬ್ಬಳು ಬಂದು ಸೇರಿಕೊಳ್ಳುತ್ತಿದ್ದಳು. ಯಾರು ಏನಂದರೂ "ಹೌದಲ್ವಾ" ಅನ್ನುವುದು ಅವಳ ಸ್ವಭಾವ. ನಾಲ್ಕನೆಯವಳು ತರೀಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಎಲ್ಲರಿಗಿಂತ ಚಿಕ್ಕವಳು. ತಂದೆ ತೀರಿಕೊಂಡಿದ್ದರು. ತಾಯಿ, ತಂಗಿಯರು ಎಲ್ಲರೂ ಅವಳ ಸಂಬಳದಲ್ಲೇ ಉಣ್ಣಬೇಕಿತ್ತು.

ಅಕ್ಕನ ಗಂಡನಿಗೆ ಕಡೂರಿನಲ್ಲಿ ಕೊಬ್ಬರಿ ಮಂಡಿ. ನನ್ನ ಗಂಡ ಅದೇ ಮಂಡಿಯಲ್ಲಿ ಗುಮಾಸ್ತ. ಇದನ್ನು ಅವಳು ನೇರವಾಗಿ ಎತ್ತಿ ಆಡುತ್ತಿರಲಿಲ್ಲ. "ನಿಮ್ಮನೆಯವ್ರು ಪಾಪ, ಬಿಸಿಲಲ್ಲಿ ನಿಂತು ತೂಕ ಹಾಕಿಸ್ತಿದ್ರು ಕಣೇ. ನಾನೇ ಮಜ್ಜಿಗೆ ಕಳಿಸ್ದೆ" ಅಂತ ರೈಲು ಡಬ್ಬಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಆ ಮಜ್ಜಿಗೆಯನ್ನು ನಾನು ಎಷ್ಟು ಸಲ ಕುಡಿದೆನೋ.

ತಿಂಗಳಿಗೊಮ್ಮೆ ಭಾನುವಾರ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರೋಣ, ಪಾರ್ಟಿ ಮಾಡೋಣ ಅನ್ನುವುದು ಅವಳದೇ ಯೋಚನೆ. ಮೊದಲ ಸರದಿಯೂ ಅವಳದೇ. ಆ ಮನೆಯಲ್ಲಿ ಗ್ಯಾಸ್ ಒಲೆ ಇತ್ತು, ಫ್ರಿಜ್ಜಿತ್ತು. ಗಾಜಿನ ಬಟ್ಟಲಲ್ಲಿ ಜಾಮೂನು, ಆಮೇಲೆ ಕಟ್ಲೆಟ್, ಗೋಡಂಬಿ ಉದುರಿಸಿದ ಪಲಾವ್. ತಿಂದು ಕೈ ಒರೆಸಿಕೊಳ್ಳುವಾಗ ಅವಳು ನಿಯಮ ಹೊರಡಿಸಿದಳು. ಇನ್ನು ಯಾರ ಮನೆಯಲ್ಲೇ ಆಗಲಿ, ಇದಕ್ಕಿಂತ ಕಮ್ಮಿ ಆಗಬಾರದು.

ಒಬ್ಬೊಬ್ಬರು ಒಂದೊಂದು ತಿಂಡಿ ಮಾಡಿಕೊಂಡು ಹೋದರೆ ಯಾರಿಗೂ ಭಾರವಾಗುವುದಿಲ್ಲ ಅಂದೆ.

"ಡಬ್ಬಿ ಹಿಡ್ಕೊಂಡು ಮನೆಮನೆ ತಿರುಗೋಕೆ ನಾವೇನು ವಾರಾನ್ನದ ಹುಡುಗ್ರಾ?" ಅಂದಳು.

"ಹೌದಲ್ವಾ" ಅಂದಳು ಬೀರೂರಿನವಳು.

ಮುಂದಿನ ತಿಂಗಳು ಆಕೆ ತನ್ನ ಮನೆಯಲ್ಲಿ ಅದೇ ಜಾಮೂನು, ಅದೇ ಕಟ್ಲೆಟ್ ಮಾಡಿದಳು. ಜಾಮೂನು ಬಾಯಲ್ಲಿ ಮುರಿಯಲಿಲ್ಲ. ಅಕ್ಕ ಒಂದನ್ನು ಕಚ್ಚಿ, ಉಳಿದರ್ಧವನ್ನು ಎಲ್ಲರಿಗೂ ಕಾಣುವಂತೆ ತಟ್ಟೆಯ ಅಂಚಿನಲ್ಲಿಟ್ಟಳು.

ಆಮೇಲೆ ತರೀಕೆರೆ ಹುಡುಗಿಯ ಸರದಿ. ಶನಿವಾರ ಬೆಲ್ ಹೊಡೆದ ಮೇಲೆ ಅವಳು ತಲೆ ತಗ್ಗಿಸಿಕೊಂಡು ಬಂದು, ಅಮ್ಮನಿಗೆ ಜ್ವರ, ಈ ಸಲ ಆಗುವುದಿಲ್ಲ ಅಂದಳು. ಸೋಮವಾರ ಸ್ಟಾಫ್ ರೂಮಿನಲ್ಲಿ ಅಕ್ಕ ಬಾಯಿ ಬಿಟ್ಟಳು. "ಜ್ವರವಂತೆ! ಅಮ್ಮಂಗೆ ಬಂತೋ, ಮಗಳ ಪರ್ಸಿಗೆ ಬಂತೋ?" ಹುಡುಗಿ ಬಾಗಿಲಲ್ಲೇ ಇದ್ದಳು, ಕೈಯಲ್ಲಿ ಊಟದ ಡಬ್ಬಿ. ಅಲ್ಲಿಂದಲೇ ತಿರುಗಿ ಹೋದಳು. ಅವತ್ತಿನಿಂದ ಮಧ್ಯಾಹ್ನ ಖಾಲಿ ತರಗತಿಯಲ್ಲಿ ಒಬ್ಬಳೇ ಕೂತು ಉಣ್ಣತೊಡಗಿದಳು.

ನನಗೆ ಮೈಯೆಲ್ಲ ಉರಿಯಿತು. "ಮುಂದಿನ ಭಾನುವಾರ ನಮ್ಮನೇಲಿ. ಎಲ್ರೂ ಬರ್ಬೇಕು" ಅಂದೆ. ಆ ತರಗತಿಗೆ ಹೋಗಿ ಹುಡುಗಿಗೂ ಹೇಳಿದೆ. ಬರುವುದಿಲ್ಲ ಅಂದಳು. "ನೀನು ಬರದೇ ಇದ್ರೆ ನಾನು ಯಾರಿಗೂ ಬಾಗಿಲು ತೆಗೆಯಲ್ಲ" ಅಂದೆ.

ಮನೆಯಲ್ಲಿ ಬೇರೆಯದೇ ಕಾಳಗ. ಸಂಬಳದ ಕವರನ್ನು ನಾನು ಒಡೆಯದೆ ಅತ್ತೆಯ ಕೈಗೆ ಕೊಡಬೇಕಿತ್ತು. ವಿಷಯ ಕೇಳಿ ಅವರು ಮೊರ ಕೆಳಗಿಟ್ಟರು. "ನನ್ನ ಮಗ ದುಡಿದದ್ದು ನಿನ್ನ ಗೆಣೆಕಾರ್ತಿಯರ ಸಂತರ್ಪಣೆಗಾ?"

"ನಾನೂ ದುಡೀತೀನಲ್ಲ ಅತ್ತೆ."

"ದುಡೀತೀಯ, ಗೊತ್ತು ಕಣೇ. ದಿನಾ ರೈಲಲ್ಲಿ ಕೂತ್ಕೊಂಡು ಹರಟೋದು ದುಡಿಮೆ."

ಅವತ್ತೇ ರೇಷನ್ ಸಕ್ಕರೆ, ಮೈದಾ, ಎಣ್ಣೆ ಡಬ್ಬ ಎಲ್ಲ ಅವರ ಟ್ರಂಕಿಗೆ ಹೋದವು. ಬೀಗದ ಕೈ ಸೆರಗಿನ ತುದಿಗೆ. ಗಂಡನ ಮುಖ ನೋಡಿದೆ. ಆತ ಪೇಪರು ಮೇಲೆತ್ತಿಕೊಂಡ.

ಟ್ರಂಕಿಗೆ ಹೋಗದೆ ಉಳಿದದ್ದು ನನ್ನ ತವರಿನದು. ಬುಕ್ಕಾಂಬುಧಿಯಿಂದ ಅಣ್ಣ ತಂದುಕೊಟ್ಟಿದ್ದ ಕಡಲೆಕಾಯಿ, ಬೆಲ್ಲ. ಸಂತೆಯಲ್ಲಿ ಮಂಡಕ್ಕಿ ತಂದೆ. ಪಕ್ಕದ ಮನೆಯವರು ಹಿತ್ತಿಲ ಮರದ ನಿಂಬೆಹಣ್ಣು ಕೊಟ್ಟರು. ಅಂಚು ಮುರಿಯದ ತಟ್ಟೆಗಳು ಸಾಲುತ್ತಿರಲಿಲ್ಲ, ಮುತ್ತುಗದೆಲೆ ತಂದು ದೊನ್ನೆ ಕಟ್ಟಿದೆ. ಭಾನುವಾರ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಹುರಿಗಡಲೆ ಪುಡಿ ಹಾಕಿ ಕಲಸಿದೆ. ಕಡಲೆಬೀಜ ಹುರಿದು ಬೆಲ್ಲದ ಪಾಕ ತೆಗೆದು ಉಂಡೆ ಕಟ್ಟಿದೆ. ಕುಡಿಯಲು ನಿಂಬೆಹಣ್ಣಿನ ಪಾನಕ, ಏಲಕ್ಕಿ ಜಜ್ಜಿ ಹಾಕಿದ್ದು. ಅಷ್ಟೂ ಚೆನ್ನಾಗಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ.

ಮೂವರೂ ಬಂದರು. ಹುಡುಗಿ ಗೋಡೆಗೆ ಒರಗಿ ಮೂಲೆಯಲ್ಲಿ ಕೂತಳು. ಅಕ್ಕನ ಕೈಯಲ್ಲಿ ನಾಲ್ಕು ಅಂತಸ್ತಿನ ಕ್ಯಾರಿಯರ್.

"ನೀನ್ಯಾಕೆ ಕಷ್ಟಪಡ್ತೀಯ ಅಂತ ನಾನೇ ಒಂದಿಷ್ಟು ಮಾಡ್ಕೊಂಡ್ ಬಂದೆ" ಅನ್ನುತ್ತ ಚಾಪೆಯ ನಡುವೆ ಕ್ಯಾರಿಯರ್ ಬಿಚ್ಚಿದಳು. ಜಾಮೂನು, ಕಟ್ಲೆಟ್, ಚಕ್ಕುಲಿ. ನನ್ನ ದೊನ್ನೆಗಳನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. ಆಮೇಲೆ ಹುಡುಗಿಯ ಕಡೆ ತಿರುಗಿ, "ತಗೋ, ತಿನ್ನು. ನಿಮ್ಮನೇಲಿ ಇದೆಲ್ಲ ಎಲ್ಲಿ ಸಿಗ್ಬೇಕು" ಅಂದಳು.

ಹುಡುಗಿ ಕೈ ಚಾಚಲಿಲ್ಲ.

ನಾನು ಎದ್ದೆ. ಒಂದೊಂದೇ ಡಬ್ಬಿಯ ಮುಚ್ಚಳ ಹಾಕಿ, ಒಂದರ ಮೇಲೊಂದಿಟ್ಟು, ಕ್ಯಾರಿಯರಿನ ಕೊಂಡಿ ಸಿಕ್ಕಿಸಿದೆ. ತೆಗೆದುಕೊಂಡು ಹೋಗಿ ಹೊಸ್ತಿಲಾಚೆ ಅವಳ ಚಪ್ಪಲಿಯ ಪಕ್ಕದಲ್ಲಿಟ್ಟು ಬಂದೆ.

"ಹೋಗ್ವಾಗ ಮರೀದೆ ತಗೊಂಡ್ಹೋಗಿ. ಡಬ್ಬಿ ಹಿಡ್ಕೊಂಡು ತಿರುಗೋರು ನಾವಲ್ಲ ಅಂತ ನೀವೇ ಹೇಳಿದ್ರಿ."

ಅವಳ ಮುಖ ಕೆಂಪಾಯಿತು. "ಮಂಡಕ್ಕಿ ತಿನ್ಸೋಕೆ ಮನೆಗೆ ಕರೆದ್ಯಾ? ನಿನ್ನ ಗಂಡ ಯಾರ ಮನೆ ಅನ್ನ ತಿಂತಾನೆ, ನೆನಪಿದ್ಯಾ?"

"ದುಡಿದು ತಿಂತಾರೆ. ನಿಮ್ಮನೆ ಪಂಕ್ತೀಲಿ ಕೂತು ಉಂಡಿಲ್ಲ."

ಆಗ ಒಳಗಿನಿಂದ ಅತ್ತೆ ಬಂದರು. ಸೀದಾ ಹೊಸ್ತಿಲಿಗೆ ಹೋಗಿ ಕ್ಯಾರಿಯರ್ ಎತ್ತಿಕೊಂಡರು. "ಇವಳ ಮಾತಿಗೆ ಬೇಜಾರ್ ಮಾಡ್ಕೋಬೇಡಿ ತಾಯಿ. ಈ ಮನೇಲಿ ಸಿಹಿ ಮಾಡೋರು ಯಾರಿದ್ದಾರೆ? ಒಂದು ಜಾಮೂನು ತಿಂದು ಯಾವ ಕಾಲವಾಯ್ತೋ" ಅಂದರು. ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ತುದಿಯಲ್ಲಿ ಬೀಗದ ಕೈ ತೂಗುತ್ತಿತ್ತು. ಅಲ್ಲೇ ನಿಂತು ಒಂದು ಜಾಮೂನು ಬಾಯಿಗೆ ಹಾಕಿಕೊಂಡರು.

ಆ ಗಳಿಗೆಯಲ್ಲಿ ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ಸಿಟ್ಟು ಬಂತು ಅಂತ ಈಗಲೂ ಹೇಳಲಾರೆ. ಅಕ್ಕ ನಕ್ಕಳು. ಕ್ಯಾರಿಯರ್ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಬೀರೂರಿನವಳು ಒಂದು ಕಣ್ಣು ಬಾಗಿಲ ಮೇಲೆ, ಒಂದು ಕಣ್ಣು ಉಂಡೆಯ ಮೇಲಿಟ್ಟು ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಅವಳ ಹಿಂದೆಯೇ ಓಡಿದಳು. ಹುಡುಗಿ ಮಾತ್ರ ದೊನ್ನೆ ಖಾಲಿ ಮಾಡಿ, "ಇನ್ನೊಂಚೂರು ಮಂಡಕ್ಕಿ ಹಾಕ್ತೀರಾ?" ಅಂದಳು.

ವಾರದೊಳಗೆ ಗಂಡ ಮಂಡಿಯಿಂದ ಮುಖ ಬಾಡಿಸಿಕೊಂಡು ಬಂದ. ನಾನು ಹೋಗಿ ಕ್ಷಮೆ ಕೇಳಬೇಕಂತೆ, ಯಜಮಾನರ ಮಾತು.

"ಕೇಳಲ್ಲ" ಅಂದೆ.

"ಒಂದು ಮಾತಲ್ವೇನೇ, ಹೋಗಿ ಹೇಳಿ ಬಂದ್ಬಿಡು."

"ಒಂದೇ ಮಾತಾದ್ರೆ ನೀವೇ ಹೇಳಿ ಬನ್ನಿ."

ಆತ ಹೋಗಿ ಹೇಳಿಯೂ ಬಂದ! ಸಾಲಲಿಲ್ಲ. ಕೊನೆಗೆ ಆ ಮಂಡಿ ಬಿಟ್ಟು ಬೀರೂರಿನ ಒಂದು ಅಂಗಡಿಗೆ ಸೇರಬೇಕಾಯಿತು. ಅನ್ನಕ್ಕೆ ಕಲ್ಲು ಹಾಕಿದವಳು ಅಂತ ಅತ್ತೆ ಬೀದಿಗೆಲ್ಲ ಸಾರಿದರು. ಗಂಡ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ನಾನೂ ಸಂಬಳದ ಕವರನ್ನು ಅತ್ತೆಗೆ ಕೊಡುವುದು ನಿಲ್ಲಿಸಿದೆ. ಕೇಳಿದಾಗ, "ರೈಲಲ್ಲಿ ಹರಟೋರಿಗೆ ಸಂಬಳ ಎಲ್ಲಿ ಕೊಡ್ತಾರೆ ಅತ್ತೆ?" ಅಂದೆ. ನಾನು ಮಾಡಿದ್ದು ತಪ್ಪು ಅಂತ ಇವತ್ತಿಗೂ ಅನ್ನಿಸಿಲ್ಲ.

ರೈಲಿನಲ್ಲಿ ನಾನು ಬೇರೆ ಡಬ್ಬಿ ಹತ್ತತೊಡಗಿದೆ. ಕಡೂರಿನ ಪ್ಲಾಟ್‌ಫಾರಂ ಮೇಲೆ ಅವಳು ಆ ತುದಿಯಲ್ಲಿದ್ದರೆ ನಾನು ಈ ತುದಿಯಲ್ಲಿ.

ಕೆಲವು ತಿಂಗಳಾದ ಮೇಲೆ ತರೀಕೆರೆ ಹುಡುಗಿ ನನ್ನನ್ನು ಮನೆಗೆ ಕರೆದಳು. ಹೋದರೆ ಬೀರೂರಿನವಳೂ ಅಲ್ಲಿದ್ದಳು, ಅದು ಹೇಗೆ ಬಂದಳೋ. ಹುಡುಗಿಯ ತಾಯಿ ಒಲೆಯ ಮುಂದೆ ಕೂತು ಬಿಸಿ ಬಿಸಿ ಅಕ್ಕಿ ರೊಟ್ಟಿ ತಟ್ಟಿ ಹಾಕುತ್ತಿದ್ದರು, ಜೊತೆಗೆ ಹುಚ್ಚೆಳ್ಳಿನ ಚಟ್ನಿ. ಬೇರೇನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾವೆಲ್ಲ ನೆಲದ ಮೇಲೆ ಕೂತು ತಿನ್ನುತ್ತಿದ್ದಾಗ ಬೀರೂರಿನವಳು ಶುರುಮಾಡಿದಳು. "ಮೊನ್ನೆ ಅಕ್ಕ ನಿಮ್ಮನ್ನ ಕೇಳ್ತಿದ್ರು ಕಣ್ರೀ. ಒಳಗೊಳಗೇ ನೊಂದ್ಕೊಂಡಿದ್ದಾರೆ ಪಾಪ..."

"ಇನ್ನೊಂದ್ಸಲ ಅವಳ ಮಾತೆತ್ತಿದ್ರೆ ಈ ರೊಟ್ಟಿ ಬಿಟ್ಟು ಎದ್ದು ಹೋಗ್ತೀನಿ" ಅಂದೆ.

ಅವಳು ನನ್ನ ಮುಖ ನೋಡಿದಳು. "ಹೌದಲ್ವಾ" ಅನ್ನಲಿಲ್ಲ. ತಲೆ ತಗ್ಗಿಸಿಕೊಂಡು ಚಟ್ನಿಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.