ಸೂರತ್‌ನಲ್ಲಿ ‘ಸಾಕ್’ ಅನ್ನಬಾರದು

ಕಳೆದ ವಾರ ಸೂರತ್‌ಗೆ ಹೊರಡಲು ಅಟ್ಟದ ಮೇಲಿದ್ದ ಹಳೆಯ ಟ್ರಾಲಿ ಬ್ಯಾಗ್ ಇಳಿಸಿದೆ. ಪಕ್ಕದ ಜೇಬಿನ ಜಿಪ್ ಎಳೆದಾಗ ಒಂದು ಕಾಗದದ ಪೊಟ್ಟಣ ಕೈಗೆ ಸಿಕ್ಕಿತು. ಒಳಗೆ ಹುರಿದ ಧನಿಯಾ ಬೇಳೆ, ಸೋಂಪು, ಒಂದಿಷ್ಟು ಎಳ್ಳು. ಗುಜರಾತಿನ ಊಟದ ಮನೆಗಳಲ್ಲಿ ಬಾಗಿಲ ಬಳಿ ಬಟ್ಟಲಲ್ಲಿ ಇಟ್ಟಿರುತ್ತಾರಲ್ಲ, ಅದೇ ಮುಖವಾಸ. ಎಂಟು ವರ್ಷದ ಹಿಂದಿನದು, ಘಮ ಎಲ್ಲಿ ಉಳಿದೀತು ಎಂದುಕೊಂಡೇ ಮೂಸಿದೆ. ಉಳಿದಿತ್ತು... ಒಂದು ಚೂರು. ಅಷ್ಟಕ್ಕೇ ಮೇಡಂ ನೆನಪಾದರು.

ಮೇಡಂ ನಮ್ಮ ವಿಮಾ ಕಂಪನಿಯ ತಪಾಸಣೆ ವಿಭಾಗದ ಹಿರಿಯ ಅಧಿಕಾರಿ. ವಿಜಯಪುರದ ಕಡೆಯವರು. ನಾನು ಮೈಸೂರಿನವಳು, ಆಗಿನ್ನೂ ಕೆಲಸಕ್ಕೆ ಹೊಸಬಳು. ಶಾಖೆಗಳ ತಪಾಸಣೆಗೆಂದು ಊರೂರು ಸುತ್ತುವುದೇ ನಮ್ಮ ಕೆಲಸ. ಫೈಲು ನೋಡುವುದರಲ್ಲಿ ಮೇಡಂ ಎಷ್ಟು ಗಟ್ಟಿಯೋ, ಇಳಿದುಕೊಂಡ ಹೋಟೆಲಿನ ಆಸುಪಾಸಿನಲ್ಲಿ ಕಡಿಮೆ ದುಡ್ಡಿಗೆ ಒಳ್ಳೆಯ ಊಟ ಹುಡುಕುವುದರಲ್ಲಿ ಅದಕ್ಕಿಂತ ಗಟ್ಟಿ. ಯಾರೇ ಟೂರಿಗೆ ಹೊರಡಲಿ, ಮೊದಲು ಮೇಡಂ ಮೇಜಿನ ಹತ್ತಿರ ಹೋಗಿ ಎಲ್ಲಿ ಉಣ್ಣುವುದೆಂದು ಕೇಳುತ್ತಿದ್ದರು. ನನ್ನ ಡಬ್ಬಿಯ ಸಾರನ್ನು ಮಾತ್ರ ಅವರು ಮೆಚ್ಚಿದ್ದೇ ಇಲ್ಲ.

"ಏನವಾ, ಇದು ಸಾರೋ ಪಾಯಸೋ? ಕಂಡಕಂಡಲ್ಲೆ ಬೆಲ್ಲಾ ಹಾಕ್ತೀರಿ ನೀವು!"

ಹೀಗೆ ಬೈಯುತ್ತಲೇ ಅರ್ಧ ಡಬ್ಬಿ ಖಾಲಿ ಮಾಡುತ್ತಿದ್ದರು.

ಆಮೇಲೆ ಅವರಿಗೆ ಕಾಯಿಲೆ ಬಂತು. ತಿಂಗಳುಗಟ್ಟಲೆ ಚಿಕಿತ್ಸೆ. ಕಾಯಿಲೆ ಹೋಯಿತು, ಜೊತೆಗೆ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಎಲ್ಲವೂ ಮಣ್ಣು ತಿಂದ ಹಾಗೆ ಎನ್ನುತ್ತಿದ್ದರು. ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ಆದರೂ ಕೆಲಸಕ್ಕೆ ಮರಳಿದವರೇ ಹಟ ಹಿಡಿದು ಮೊದಲ ಟೂರಿಗೆ ಹೆಸರು ಕೊಟ್ಟರು. ಅಹಮದಾಬಾದ್, ವಡೋದರಾ, ಸೂರತ್, ಜೊತೆಗೆ ನಾನು. ಹೊರಡುವ ಹಿಂದಿನ ದಿನ ಅವರ ಮಗಳು ನನಗೆ ಫೋನ್ ಮಾಡಿದಳು.

"ಅಕ್ಕಾ, ಅವ್ವ ಎರಡ ತುತ್ತು ತಿಂದು ಸಾಕ್ ಅಂತಾಳ. ಹಿಂಗ ಆದ್ರ ಮತ್ತ ದವಾಖಾನಿಗೆ ಸೇರಸಬೇಕಾಗ್ತದ ಅಂದಾರ ಡಾಕ್ಟರು. ಒಂದ ಹೊತ್ತರ ಹೊಟ್ಟಿ ತುಂಬ ಉಣಸ್ರಿ."

ಆಯ್ತು ಎಂದೆ. ಎನ್ನುವುದು ಸುಲಭ.

ಅಹಮದಾಬಾದಿನಲ್ಲಿ ಹಗಲೆಲ್ಲ ನರೋಡಾ ಶಾಖೆಯಲ್ಲಿ ಕೆಲಸ. ಊಟಕ್ಕೆ ನಾನು ಫೋನನ್ನು ನಂಬಿದೆ. ಯಾರು ಯಾರೋ ಕೊಟ್ಟ ನಕ್ಷತ್ರ ನೋಡಿ, ಊರ ನಡುವಿನ ಹೋಟೆಲಿನಿಂದ ವಸ್ತ್ರಾಪುರದ ತನಕ ಆಟೋದಲ್ಲಿ ಕರೆದುಕೊಂಡು ಹೋದೆ. ಕೆರೆ ಕಾಣುವ ಕಿಟಕಿ, ಮೊರದಗಲದ ತಟ್ಟೆ, ಅದರ ನಡುವೆ ಅಂಗೈಯಷ್ಟು ಊಟ. ಬಿಲ್ಲು ನೋಡಿಯೇ ನನ್ನ ಹೊಟ್ಟೆ ತುಂಬಿತು. ಮೇಡಂ ಮುಟ್ಟುವ ಮೊದಲೇ ಮುಕ್ಕಾಲು ಭಾಗ ನನ್ನ ತಟ್ಟೆಗೆ ಸರಿಸಿ, ಎರಡು ಚಮಚ ತಿಂದು ಸಾಕ್ ಎಂದರು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟು ಏಳುವುದೂ ಅವರ ಜನ್ಮದಲ್ಲಿ ಇಲ್ಲ. ಅದಕ್ಕೇ ಈಗ ಹಾಕಿಸಿಕೊಳ್ಳುವುದನ್ನೇ ಬಿಟ್ಟಿದ್ದರು. ಅವರ ಪಾಲನ್ನೂ ತಿಂದು ದಪ್ಪಗಾದವಳು ನಾನು.

ವಡೋದರಾದಲ್ಲಿ ಅಲಕಾಪುರಿಯ ಹೋಟೆಲು, ಸ್ಟೇಷನ್ನಿಗೆ ನಡೆಯುವಷ್ಟು ಹತ್ತಿರ. ಅಲ್ಲಿ ಮೇಡಂ ನನ್ನ ಫೋನನ್ನು ಪರ್ಸಿಗೆ ಹಾಕಿಸಿ ಪಾಠ ಮಾಡಿದರು.

"ಹೋಟೆಲ್‌ನವಗ ಕೇಳಬ್ಯಾಡ, ಅಂವ ತನ್ನ ಊಟದ ಹಾಲ್ ತೋರಸ್ತಾನ. ಮಧ್ಯಾಹ್ನ ಒಂದಕ್ಕ ಬಂದು ಓಣ್ಯಾಗ ನಿಂದ್ರು. ಒಳಗ ಹೋಗೋರ ಮಾರಿ ನೋಡಬ್ಯಾಡ, ಹಸದೋರು ಎಲ್ಲಿಗರ ಹೊಕ್ತಾರ. ಹೊರಗ ಬರೋರ ನಡಗಿ ನೋಡು ತಂಗಿ."

ನಿಂತು ನೋಡಿದೆವು. ಗಾಜಿನ ಬಾಗಿಲಿನ ಹೋಟೆಲಿಗೆ ಹೋದವರು ಗಡಿಯಾರ ನೋಡುತ್ತ ಸರಸರನೆ ಹೊರಬರುತ್ತಿದ್ದರು. ಎದುರಿನ ಸಣ್ಣ ಬಾಗಿಲಿನಿಂದ ಬರುವವರು ಮಾತ್ರ ತುಂಬಿದ ಕೊಡ ಹೊತ್ತವರಂತೆ ಮೆಲ್ಲಗೆ ನಡೆಯುತ್ತಿದ್ದರು. ಅಲ್ಲಿ ತಿಂದ ಖಿಚಡಿ, ಮಜ್ಜಿಗೆಹುಳಿಯಂಥ ಕಢಿ ನೆನೆದರೆ ಇವತ್ತಿಗೂ ಬಾಯಲ್ಲಿ ನೀರು. ಕಢಿ ನನ್ನಂಥವಳಿಗೂ ಸಿಹಿ ಎನ್ನಿಸುವಷ್ಟು ಸಿಹಿ. ಮೇಡಂ ಮೂರು ತುತ್ತು ತಿಂದರು. ಬೆಲ್ಲದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬೈಯದ ಮೇಡಂ ನನಗೆ ಗೊತ್ತೇ ಇರಲಿಲ್ಲ.

ಸೂರತ್‌ನಲ್ಲಿ ಕೊನೆಯ ದಿನ. "ಇವತ್ತ ನೀನ ಹುಡುಕು," ಎಂದರು. ಸೀರೆ ಮಾರುಕಟ್ಟೆಯ ಹತ್ತಿರ, ಹೋಟೆಲಿನ ಹಿಂದಿನ ಓಣಿಯಲ್ಲಿ ನಿಂತೆ. ಒಂದು ಕಿರಿದಾದ ಮೆಟ್ಟಿಲು. ಇಳಿಯುವವರೆಲ್ಲ ಕಂಬಿ ಹಿಡಿದು ಇಳಿಯುತ್ತಿದ್ದರು. ಒಬ್ಬರಂತೂ ಅರ್ಧದಲ್ಲೇ ನಿಂತು, ತೇಗಿ, ಬೆಲ್ಟು ಒಂದು ತೂತು ಸಡಿಲಿಸಿಕೊಂಡು ಮುಂದುವರಿದರು. ಇನ್ನು ಹುಡುಕುವುದು ಏನಿದೆ?

ಮೇಲೆ ಸಾಲು ಮೇಜು, ಸ್ಟೀಲ್ ತಟ್ಟೆ. ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಮಾಲೀಕರೇ ಬಕೆಟ್ಟು ಹಿಡಿದು ಬಡಿಸುತ್ತಿದ್ದರು. ಬದನೆಕಾಯಿ-ಆಲೂಗಡ್ಡೆ ಪಲ್ಯ ಒಂದು ಸೌಟು ಬಿದ್ದದ್ದೇ ತಡ, ಮೇಡಂ ತಲೆ ಎತ್ತದೆ "ಸಾಕ್" ಎಂದರು.

ಕಾಕಾ ಮುಖ ಅರಳಿತು. "ಶಾಕ್? ಲೋ ನೆ ಬೆನ್, ಲೋ!"

ಇನ್ನೊಂದು ಸೌಟು ಬಿತ್ತು. ಮೇಡಂ ಗಾಬರಿಯಾಗಿ "ಸಾಕ್ ಸಾಕ್ ಸಾಕ್!" ಎಂದು ಕೂಗಿದರು. ಮೂರು ಸಲ ಅಂದರು, ಮೂರು ಸೌಟು ಬಿತ್ತು.

ಶಾಕ್ ಎಂದರೆ ಗುಜರಾತಿಯಲ್ಲಿ ಪಲ್ಯ. ವಡೋದರಾದ ಗೋಡೆಯ ಪಟ್ಟಿಯಲ್ಲಿ ಅದನ್ನು ಓದಿದ್ದೆ. ಬೆನ್ ಎಂದರೆ ಅಕ್ಕ, ಲೋ ಎಂದರೆ ತೆಗೆದುಕೊಳ್ಳಿ. ಮೈಸೂರಿನಲ್ಲಿ ಹಿರಿಯರನ್ನು ಲೋ ಎಂದು ಕರೆದರೆ ಕಪಾಳಕ್ಕೆ ಬೀಳುತ್ತದೆ, ಅದು ಬೇರೆ ಮಾತು. ‘ಬಸ್’, ಅಂದರೆ ಸಾಕು, ಎಂದು ನಾನು ಒಂದು ಮಾತು ಅಂದಿದ್ದರೆ ಕಾಕಾ ನಿಲ್ಲಿಸುತ್ತಿದ್ದರು. ಅನ್ನಲಿಲ್ಲ. ಮೇಡಂ ಅಭ್ಯಾಸದಂತೆ ಪಲ್ಯವನ್ನು ನನ್ನ ಕಡೆ ಸರಿಸಲು ಬಂದಾಗ, ಎರಡೂ ಕೈಯಿಂದ ನನ್ನ ತಟ್ಟೆ ಮುಚ್ಚಿಕೊಂಡೆ. ಜೀವನದಲ್ಲಿ ಹಿರಿಯರಿಗೆ ನಾನು ತೋರಿಸಿದ ಏಕೈಕ ಅಗೌರವ ಅದು.

ಬಿಟ್ಟು ಏಳುವ ಹಾಗಿಲ್ಲ. ರೊಟ್ಟಿ ಮುರಿದರು. ಒಂದು ತುತ್ತು, ಎರಡು, ಮೂರು... ನಾಲ್ಕನೆಯದಕ್ಕೆ ಕೈ ನಿಂತಿತು. ಹುಬ್ಬು ಗಂಟಿಕ್ಕಿತು.

"ಅಯ್ಯ, ಪಲ್ಯಾಕ ಬೆಲ್ಲಾ ಹಾಕ್ಯಾರಲ್ಲ!"

"ಮೇಡಂ, ಇನ್ನೊಂದ್ಸಲ ಹೇಳಿ," ಎಂದೆ.

"ಏನ್ ಹೇಳೋದು? ಬದನಿಕಾಯಿಗೆ ಯಾರರ ಬೆಲ್ಲಾ ಹಾಕ್ತಾರೇನ? ಖಾರ ಅನ್ನೋದು ಗೊತ್ತದನೋ ಇಲ್ಲೋ ಇವ್ರಿಗೆ?"

ಬೈಯುತ್ತ ಬೈಯುತ್ತ ಐದು ಸೌಟು ಪಲ್ಯವನ್ನೂ ಮುಗಿಸಿದರು. ಆಮೇಲೆ ನಾನು ಗುಟ್ಟು ಬಿಟ್ಟುಕೊಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ಮೇಡಂ ನಕ್ಕರು. ನಕ್ಕು, ಕಣ್ಣೊರೆಸಿಕೊಂಡು, ಬೇಕೆಂತಲೇ ಕೈ ಎತ್ತಿ ಕರೆದರು: "ಕಾಕಾ, ಸಾಕ್!"

ನಾನು ಮೆಟ್ಟಿಲಿಗೆ ಓಡಿ ಮಗಳಿಗೆ ಫೋನ್ ಮಾಡಿದೆ. "ನಿಮ್ಮಮ್ಮ ಬೆಲ್ಲಕ್ಕೆ ಬೈದ್ರು ಕಣೇ!" ಆ ಕಡೆ ಅವಳು ಅಳುತ್ತಿದ್ದಳು.

ಮೇಡಂ ಕಂಬಿ ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲಿಳಿದರು. ಆ ನಡಿಗೆಯನ್ನು ಓಣಿಯ ಎದುರು ನಿಂತು ನೋಡಿದವಳು ನಾನು. ಯಾವ ಬಡ್ತಿಯೂ ನನಗೆ ಅಷ್ಟು ಹೆಮ್ಮೆ ತಂದಿಲ್ಲ. ಕೈಯಲ್ಲಿ ಬಿಲ್ಲಿನ ಕಾಗದದಲ್ಲಿ ಕಟ್ಟಿದ ಮುಖವಾಸ. "ಗಾಡ್ಯಾಗ ತಿನ್ನವಾ," ಎಂದು ಹೊರಡುವಾಗ ನನ್ನ ಟ್ರಾಲಿ ಬ್ಯಾಗಿನ ಜೇಬಿಗೆ ಹಾಕಿದರು. ನಾನು ಮರೆತೆ.

ಆಮೇಲೆ ಅವರು ಏಳು ವರ್ಷ ಚೆನ್ನಾಗಿ ಉಂಡರು, ಚೆನ್ನಾಗಿ ಬೈದರು. ಹೋದ ವರ್ಷ ಕಾಯಿಲೆ ಮರಳಿತು. ನಾನು ವಿಜಯಪುರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು...

ನಿನ್ನೆ ಸೂರತ್‌ನ ಆ ಓಣಿಯಲ್ಲಿ ಮಧ್ಯಾಹ್ನ ಒಂದಕ್ಕೆ ನಿಂತೆ. ಮೆಟ್ಟಿಲಿಳಿಯುವವರು ಈಗಲೂ ಕಂಬಿ ಹಿಡಿದೇ ಇಳಿಯುತ್ತಾರೆ. ಕಾಕಾ ಕಾಣಲಿಲ್ಲ, ಅವರ ಸೊಸೆ ಇರಬೇಕು, ಬಕೆಟ್ಟು ಹಿಡಿದು ಬಂದಳು. ತಟ್ಟೆ ತುಂಬಿತ್ತು. ಆದರೂ ಅಂದೆ: "ಸಾಕ್, ಸಾಕ್."

ಎರಡು ಸೌಟು ಬಿತ್ತು. ಬಾಯಿಗಿಟ್ಟೆ. ಬೆಲ್ಲ ಹಾಕಿದ್ದರು. ನನಗೆ ಇಷ್ಟವೇ, ನಾನು ಮೈಸೂರಿನವಳು. ಆದರೆ ಬೈಯಲು ಅವರಿರಲಿಲ್ಲ. ಅದಕ್ಕೆ ನಾನೇ ಹುಬ್ಬು ಗಂಟಿಕ್ಕಿ, ಯಾರಿಗೂ ಕೇಳದ ಹಾಗೆ, "ಅಯ್ಯ, ಪಲ್ಯಾಕ ಬೆಲ್ಲಾ ಹಾಕ್ಯಾರಲ್ಲ" ಎಂದು ಬೈದೆ. ಬೈದು, ಒಂದು ಚೂರೂ ಬಿಡದೆ ತಿಂದು ಎದ್ದೆ.