ಮೀನಿಗಾಗಿ ಹೊತ್ತ ಬೆಳ್ಳಿ ಕಣ್ಣು

ಉಳ್ಳಾಗಡ್ಡಿ ಕೂಡ ಅಡುಗೆಮನೆಯ ಹೊಸ್ತಿಲು ದಾಟದ ನಮ್ಮ ಮನೆಗೆ ಅಪ್ಪ ಒಂದು ದಿನ ಮೀನು ತಂದರು. ಬೆಳಗಾವಿಯಿಂದ ಬೈಲಹೊಂಗಲದವರೆಗೆ, ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಎಳೆಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತು ಬಂದಿದ್ದರು. ನೋಡಲು ಚೆಂದವಿದ್ದರೆ ಮಾತು ಬೇರೆ. ಇದು ಇದ್ದಿಲಿನ ಕಪ್ಪು, ಗುಂಡು ಹೊಟ್ಟೆ, ತಲೆಯ ಎರಡೂ ಬದಿಗೆ ಬಟಾಣಿ ಅಂಟಿಸಿದಂತೆ ಹೊರಗೆ ಚಾಚಿದ ಕಣ್ಣು. ಗೋಲ್ಡ್ ಫಿಶ್ ಜಾತಿಯದೇ ಅಂದರು. ಗೋಲ್ಡು ಎಲ್ಲಿದೆ ಎಂದು ನಾನು ಹುಡುಕಿದ್ದೇ ಬಂತು.

"ಪೂಜಾ ಮಾಡೋ ಮನ್ಯಾಗ ಮೀನಾ?" ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮತ್ಸ್ಯಾವತಾರ ಅಂದ್ರ ಮತ್ತೇನು?" ಅಂದರು ಅಪ್ಪ.

"ಅವತಾರಕ್ಕ ಹುಳಾ ತಿನ್ನಸ್ತೀರೇನು?"

ಅಪ್ಪ ಸೋಲುವವರಲ್ಲ. ಹಸಿ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಚೂರು ಮಾಡಿ ಹಾಕಿದರು. ಮೀನು ಗಬಗಬ ತಿಂದಿತು. ಅಲ್ಲಿಗೆ ಅದು ಶುದ್ಧ ಸಸ್ಯಾಹಾರಿಯಾಗಿ ನಮ್ಮ ಮನೆಯಲ್ಲಿ ಉಳಿಯಿತು. ಅದಿದ್ದ ಗಾಜಿನ ತೊಟ್ಟಿ ಈಗ ನನ್ನ ಅಂಗಳದಲ್ಲಿ ದೊಡ್ಡಪತ್ರೆ ಬೆಳೆಸಿಕೊಂಡು ಕೂತಿದೆ. ಮೀನೂ ಇಲ್ಲ, ಅದಕ್ಕಾಗಿ ಜಗಳವಾಡಿದ ಇಬ್ಬರೂ ಇಲ್ಲ. ಗಿಡಕ್ಕೆ ನೀರು ಹಾಕುವಾಗಲೆಲ್ಲ ಆ ಜಗಳ ಕಿವಿಯಲ್ಲಿ ಕೇಳುತ್ತದೆ, ಎಷ್ಟು ಹಿತವಾಗಿ ಕೇಳುತ್ತದೆ ಎಂದರೆ ನನಗೇ ನಗು ಬರುತ್ತದೆ.

ಅಜ್ಜ ಪೌರೋಹಿತ್ಯ ಮಾಡಿದವರು. ಅಪ್ಪ ಕೈಗಡಿಯಾರ ರಿಪೇರಿಗೆ ಇಳಿದರು. ಮೊಬೈಲು ಬಂದು ಜನ ಗಡಿಯಾರ ಕಟ್ಟುವುದನ್ನೇ ಬಿಟ್ಟಾಗ ಅಂಗಡಿ ಮುಚ್ಚಿ, ಮೇಜನ್ನು ಮನೆಯ ಪಡಸಾಲೆಗೆ ತಂದರು. ಅದರ ಪಕ್ಕದಲ್ಲೇ ಮೀನಿನ ತೊಟ್ಟಿ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕೂತರೆ ಅಪ್ಪನೂ ಮೀನೂ ಅಣ್ಣತಮ್ಮಂದಿರಂತೆ ಕಾಣುತ್ತಿದ್ದರು. ಹಾಗಂತ ನಾನು ಅಂದರೆ ಅವರಿಗೆ ಖುಷಿಯೇ ಆಗುತ್ತಿತ್ತು.

ಅಷ್ಟು ದೊಡ್ಡ ಕಣ್ಣಿದ್ದರೂ ಆ ಮೀನಿಗೆ ದೃಷ್ಟಿ ಮಂದ. ಹೆಸರಿಗೆ ಮಾತ್ರ ಕಣ್ಣು. ಎದುರಿಗೆ ಬಿದ್ದ ತುತ್ತನ್ನೂ ಹುಡುಕಾಡುತ್ತಿತ್ತು. ಅದಕ್ಕೆ ಅಪ್ಪ ಒಂದು ರೂಢಿ ಹಾಕಿದ್ದರು. ಭೂತಗನ್ನಡಿಯ ಅಂಚಿನಿಂದ ಗಾಜಿನ ಒಂದೇ ಮೂಲೆಗೆ ಟಕಟಕ ಬಡಿಯುವುದು, ಅಲ್ಲೇ ಬಟಾಣಿ ಹಾಕುವುದು, ಆಮೇಲೆ ನೀರಿಗೆ ಬೆರಳಿಡುವುದು. ಮೀನು ಬಂದು ಬೆರಳನ್ನು ಮೆಲ್ಲಗೆ ಕಚ್ಚಿ ನೋಡುತ್ತಿತ್ತು. ತೊಟ್ಟಿಯೊಳಗೆ ಮರಳು ಬಿಟ್ಟರೆ ಏನೂ ಇಡುವಂತಿರಲಿಲ್ಲ. ಚೂಪಾದದ್ದೇನಾದರೂ ತಗುಲಿದರೆ ಕಣ್ಣೇ ಹೋಗುತ್ತದೆ ಎನ್ನುತ್ತಿದ್ದರು. ನಳಕ್ಕೆ ನೀರು ಬಂದ ದಿನ ಮೊದಲ ಕೊಡ ದೇವರಿಗೆ, ಎರಡನೆಯದು ಮೀನಿಗೆ. ಆ ನೀರು ಹಂಡೆಯಲ್ಲಿ ಒಂದು ದಿನ ನಿಂತು, ಔಷಧದ ವಾಸನೆ ಹೋದ ಮೇಲೆಯೇ ತೊಟ್ಟಿಗೆ.

ಮೀನಿನ ಕಣ್ಣಿಗೆ ಇಷ್ಟು ಉಪಚಾರ ಮಾಡುವವರು ತಮ್ಮ ಕಣ್ಣನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಚಹದ ಕಪ್ಪನ್ನು ಮೇಜಿನ ಅಂಚಿಗಿಂತ ಆಚೆ ಇಟ್ಟು ಒಡೆದರು. ಪಂಚಾಂಗ ನನ್ನ ಕೈಗೆ ಕೊಟ್ಟು, "ನೀನ ಓದು, ನನಗ ಬ್ಯಾಸರ" ಅಂದರು. ದೊಡವಾಡದ ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದರೆ ಸಂಜೆಯೆಲ್ಲ ನನಗೂ ಅವ್ವನಿಗೂ ಅದೇ ಚಿಂತೆ. ದವಾಖಾನೆ ಎಂದು ಬಾಯಿ ತೆರೆದರೆ ಸಾಕು, ಅಪ್ಪನ ಉತ್ತರ ಸಿದ್ಧ.

"ಕೈ ಒಂಚೂರು ನಡುಗಿದ್ರ ಗಡಿಯಾರ ಹೋತು. ಅದು ಬರೇ ಗಡಿಯಾರ, ಡಾಕ್ಟರ್ ಕೈ ಹಾಕೋದು ಕಣ್ಣಿಗೆ. ನನಗೇನೂ ಆಗಿಲ್ಲ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕೂಗಾಡುತ್ತಿದ್ದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಅವ್ವ ಕಿತ್ತೂರಿನವಳು. ಅವಳಿಗೆ ಎಲ್ಲದರಲ್ಲೂ ಕೋಟೆ ಬೇಕು. ದೀಪಾವಳಿಗೆ ನಾವು ಮಣ್ಣಿನ ಕೋಟೆ ಕಟ್ಟಿದರೆ ಅದರ ಬುರುಜು ಸರಿಯಾಗಿಲ್ಲ ಎಂದು ತಾನೇ ಕೆಡವಿ ಕಟ್ಟುತ್ತಿದ್ದಳು. ಬೋಳು ತೊಟ್ಟಿ ನೋಡಿ ನೋಡಿ ಅವಳಿಗೆ ತಡೆಯಲಿಲ್ಲ. ಒಮ್ಮೆ ತವರಿಗೆ ಹೋದವಳು ಬರುವಾಗ ಆಟಿಕೆ ಅಂಗಡಿಯಿಂದ ಪ್ಲಾಸ್ಟಿಕ್ಕಿನ ಕೋಟೆ ತಂದು, ಅಪ್ಪ ಹೊರಗೆ ಹೋದಾಗ ಮರಳಿನಲ್ಲಿ ಊರಿಬಿಟ್ಟಳು. "ಅಷ್ಟು ದೊಡ್ಡ ಮನಿತನದ ಮೀನು, ಅದಕ್ಕೂ ಒಂದು ಕೋಟಿ ಇರ್ಲಿ" ಅಂದಳು. ಬೈಗುಳಕ್ಕೆ ಸಿದ್ಧಳಾಗಿ ಕೂತಳು.

ಬೈಗುಳ ಬರಲಿಲ್ಲ. ಅಪ್ಪ ದಿನವೂ ತೊಟ್ಟಿಯ ಮುಂದೆ ಕೂತರು, ಬಟಾಣಿ ಹಾಕಿದರು, ಮಾತಾಡಿದರು. ಗೇಣುದ್ದದ ಕೆಂಪು ಕೋಟೆ ಅವರ ಕಣ್ಣಿಗೆ ಬೀಳಲೇ ಇಲ್ಲ. ಮೊದಲು ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಆಮೇಲೆ ನಗು ತಾನಾಗಿಯೇ ನಿಂತಿತು.

ಕೋಟೆಯ ಅಂಚು ತಗುಲಿ ಮೀನಿನ ಬಾಲ ಹರಿಯಿತು, ಒಂದು ಕಣ್ಣು ಬೆಳ್ಳಗಾಯಿತು. ಅವ್ವ ಕೋಟೆ ಕಿತ್ತು ಬಿಸಾಡಿ, ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಮೀನನ್ನು ಹಿತ್ತಲ ಬಕೆಟ್ಟಿಗೆ ಹಾಕಿದಳು. ಮುಷ್ಟಿ ಉಪ್ಪು ಹಿಡಿದು ಅದಕ್ಕೆ ನಿವಾಳಿಸಿದಳು. ದೃಷ್ಟಿ ತೆಗೆದ ಉಪ್ಪನ್ನು ನೀರಿಗೆ ಹಾಕಬೇಕಲ್ಲ. ಎದುರಿಗಿದ್ದ ನೀರೆಂದರೆ ಮೀನಿದ್ದ ಬಕೆಟ್ಟೇ. ಅದಕ್ಕೇ ಹಾಕಿದಳು. ಮೀನಿನ ಗಾಯಕ್ಕೆ ಉಪ್ಪುನೀರೇ ಮದ್ದು ಎಂದು ನಮಗೆ ಆಮೇಲೆ ತಿಳಿಯಿತು. ಮೀನು ಬದುಕಿತು, ಅವ್ವ ಮಾತ್ರ ಕೊನೆಯವರೆಗೂ ದೃಷ್ಟಿ ತೆಗೆದದ್ದಕ್ಕೇ ಬದುಕಿತು ಎಂದಳು.

ನಾವು ಒಳಗೆ ಬಂದಾಗ ಅಪ್ಪ ಮೀನಿಲ್ಲದ ತೊಟ್ಟಿಯ ಮುಂದೆ ಕೂತಿದ್ದರು. ಮೂಲೆಗೆ ಟಕಟಕ ಬಡಿದರು. ಬಟಾಣಿ ಹಾಕಿದರು. "ಬಾ ಬಾ. ಬಂತು ನೋಡು. ಹೆಂಗ ನೋಡ್ಲಿಕತ್ತದ ನನ್ನ!" ಅಂದರು. ಬಟಾಣಿ ಚೂರುಗಳು ಮರಳಿನ ಮೇಲೆ ಹೋಗಿ ಕೂತವು. ಅಪ್ಪ ನೀರಿಗೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತರು. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ಹೋದರು.

ಅಂದೇ ಅವ್ವ ಘೋಷಿಸಿದಳು: "ಮೀನಿನ ಕಣ್ಣಿಗೆ ಪೆಟ್ಟಾಗೇದ, ನನ್ನಿಂದನ ಆಗೇದ. ಸವದತ್ತಿ ಎಲ್ಲಮ್ಮಗ ಬೆಳ್ಳಿ ಕಣ್ಣು ಬೇಡಿಕೊಂಡೀನಿ. ನೀವೂ ಬರಬೇಕು."

"ಮೀನಿಗೆ ಹರಕಿ!" ಅಪ್ಪ ನಕ್ಕರು. ಆದರೂ ಹೊರಟರು.

ಗುಡ್ಡದ ಮೇಲೆ ಸಾಲು ಅಂಗಡಿಗಳು. ಕುಂಕುಮ, ಬಳೆ, ಭಂಡಾರದ ಅರಿಸಿನದ ರಾಶಿಗಳ ನಡುವೆ ತೆಳು ಬೆಳ್ಳಿ ತಗಡಿನ ಕಣ್ಣು, ಕೈ, ಕಾಲು. ಕಣ್ಣು ಜೋಡಿಯಾಗಿಯೇ ಕೊಡುತ್ತಿದ್ದರು. ಅಪ್ಪ ಒಂದು ಜೋಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಹಳೆಯ ರೂಢಿಯಂತೆ ಹೆಬ್ಬೆರಳಿನಿಂದ ಅಂಚು ಸವರಿದರು.

"ಯಾರಿಗಿ ಕಣ್ಣಬ್ಯಾನಿ, ಯವ್ವಾ?" ಅಂಗಡಿಯಾಕೆ ಅವ್ವನನ್ನು ಕೇಳಿದಳು.

ಅವ್ವ ನನ್ನ ಮುಖ ನೋಡಿದಳು. ಮೀನಿಗೆ ಎಂದು ಹೇಳಲು ನಾಚಿಕೆ. ಇನ್ನೊಂದು ಮಾತು ಹೇಳಲು ಭಯ.

"ನನಗ" ಅಂದರು ಅಪ್ಪ.

ಅಂಗಡಿಯಾಕೆ ಕಣ್ಣುಗಳನ್ನು ಕಾಗದದಲ್ಲಿ ಸುತ್ತತೊಡಗಿದಳು. ಅಪ್ಪ ಅವ್ವನ ಕಡೆ ತಿರುಗಿದರು. "ಅವತ್ತ ನೀರಾಗ ಬೆರಳಿಟ್ಟೆ. ಏನೂ ಬಂದು ಮುಟ್ಟಲಿಲ್ಲ. ಖಾಲಿ ನೀರಿನ ಜೋಡಿ ಮಾತಾಡ್ಲಿಕತ್ತೀನಿ ಅಂತ ಆಗ ತಿಳೀತು. ನೀವಿಬ್ರೂ ಬಾಗಲದಾಗ ನಿಂತಿದ್ರಿ, ಉಸಿರು ಕೇಳಸ್ತಿತ್ತು. ಅಂಜಿಕಿ ಆತು ನನಗ. ಆಪರೇಶನ್ನಿಗಿಂತ ಹೆಚ್ಚಿನ ಅಂಜಿಕಿ."

ಅವ್ವ ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ನಾನೂ ಅತ್ತೆ. ಇಷ್ಟು ದಿನ ನನ್ನ ಕೂಗಾಟದಿಂದ ಆಗದ ಕೆಲಸವನ್ನು ಆ ಕುರೂಪಿ ಮೀನು ಮಾಡಿತ್ತು.

ಬೆಳಗಾವಿಯ ದವಾಖಾನೆಯಲ್ಲಿ ಒಂದು ಕಣ್ಣು ಉಳಿಯಿತು. ಇನ್ನೊಂದಕ್ಕೆ ತಡವಾಗಿತ್ತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಅಪ್ಪ ಕಪ್ಪು ಕನ್ನಡಕ ತೆಗೆದು, ನೇರವಾಗಿ ತೊಟ್ಟಿಯ ಮುಂದೆ ಹೋಗಿ ಕೂತರು. ಮೀನನ್ನು ಬಹಳ ಹೊತ್ತು ನೋಡಿದರು. ಅದರ ಬಿಳಿಯಾದ ಕಣ್ಣು, ಹರಿದ ಬಾಲ, ಎಲ್ಲವನ್ನೂ ನೋಡಿದರು. ಅಷ್ಟರಲ್ಲಿ ಅವ್ವ ಚಹ ತಂದಳು. ಅಪ್ಪ ಕಪ್ಪು ಇಸಿದುಕೊಳ್ಳದೆ ಅವಳನ್ನೇ ನೋಡುತ್ತ ಕೂತರು.

"ನಿನ್ನ ಕೂದಲಾ ಇಷ್ಟು ಬೆಳ್ಳಗ ಯಾವಾಗ ಆದ್ವು?"

"ನೀವು ಮೀನಾ ನೋಡ್ಕೋತ ಕೂತಿದ್ರಲ್ಲ, ಆವಾಗ" ಅಂದಳು ಅವ್ವ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.