ಜೇಡ ಕಚ್ಚಿದರೂ ಸಾಯದವರು

ಆರ್ವಿಲ್ ಟ್ವೆಟ್ ಎಂಬ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ಅಕ್ಕನ ಮಗ ಡೆಲ್ಬರ್ಟನ ಬಾಯಿಂದ. ನನ್ನ ಗಂಡ ಎಮಿಲ್ ತೀರಿಕೊಂಡ ವರ್ಷ, ಇನ್ನೂ ಹಿಮ ಬೀಳಲು ಶುರುವಾಗಿರಲಿಲ್ಲ. ನಾನು ಎಲೆಕೋಸು ಹೆಚ್ಚಿ ಉಪ್ಪಿಗೆ ಹಾಕುತ್ತಿದ್ದೆ. ಡೆಲ್ಬರ್ಟ್ ಬಂದವನೇ ಸುತ್ತುಬಳಸಿ ಮಾತಾಡಿದ.

"ಚಿಕ್ಕಮ್ಮ, ನಿನ್ನ ನೆಲಮಾಳಿಗೆ ಖಾಲಿ ಬಿದ್ದಿದೆಯಲ್ಲ, ಶನಿವಾರ ಮಧ್ಯಾಹ್ನ ನಮಗೆ ಕೊಡ್ತೀಯಾ? ಲೈಬ್ರರಿಯವರು ಹೊರಗೆ ಹಾಕಿಬಿಟ್ರು."

"ಕುಡಿದು ಗಲಾಟೆ ಮಾಡಿದ್ರಾ?"

"ಇಲ್ಲಪ್ಪ. ಒಂದು ಕತ್ತೆ ಎಷ್ಟು ಚಿನ್ನ ಹೊರುತ್ತೆ ಅಂತ ಮಾತು ಬಂತು. ನಾನು ಸ್ವಲ್ಪ ಜೋರಾದೆ. ಆರ್ವಿಲ್ ಟ್ವೆಟ್ ಮೊದಲೇ ಒಪ್ಕೊಂಡಿದ್ರೆ ಆಗ್ತಿತ್ತು."

"ಕತ್ತೆ ಅವನದಾ?"

"ಕತ್ತೆನೇ ಇಲ್ಲ ಚಿಕ್ಕಮ್ಮ. ಅದು ಆಟದ್ದು. ಆರ್ವಿಲ್ ಆಟ ನಡೆಸೋನು."

ಇಲ್ಲದ ಕತ್ತೆಗೆ ಇಲ್ಲದ ಚಿನ್ನ ಹೊರಿಸಿ ಕಿತ್ತಾಡಿದವರು ಹಾಲು ಕುಡಿಯುವ ಮಕ್ಕಳಲ್ಲ. ಡೆಲ್ಬರ್ಟ್ ಔಷಧಿ ಅಂಗಡಿಯವನು, ತಲೆ ಆಗಲೇ ಬೋಳಾಗಿತ್ತು. ಆರ್ವಿಲ್ ಮನೆಮನೆಗೆ ಹೋಗಿ ಬಾಯ್ಲರ್ ರಿಪೇರಿ ಮಾಡುವವನು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಅವನ ವಾಸ. ಹೆಂಡತಿಯಿಲ್ಲ, ನಾಯಿಯೂ ಇಲ್ಲ. ಶನಿವಾರವೇ ಅವನ ಹಬ್ಬ. ಹೋಗಲಿ ಎಂದು ನೆಲಮಾಳಿಗೆ ಬಿಟ್ಟುಕೊಟ್ಟೆ.

ಆಟವೆಂದರೆ ಇಷ್ಟೇ. ಆರ್ವಿಲ್ ತಾನು ಬರೆದಿಟ್ಟದ್ದು ಬೇರೆಯವರಿಗೆ ಕಾಣದಂತೆ ಎದುರಿಗೆ ರಟ್ಟು ನಿಲ್ಲಿಸಿಕೊಂಡು ಕಥೆ ಹೇಳುತ್ತಾನೆ: ಗುಹೆಯಿದೆ, ಬಾಗಿಲಿದೆ, ಒಳಗೆ ಏನೋ ಉಸಿರಾಡುತ್ತಿದೆ. ಉಳಿದವರಲ್ಲಿ ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಂತ್ರವಾದಿ. ಒಳಗೆ ಹೋಗುತ್ತೇನೆ, ಹೊಡೆಯುತ್ತೇನೆ ಎನ್ನುತ್ತಾರೆ. ಆಮೇಲೆ ದಾಳ ಉರುಳುತ್ತದೆ. ಬದುಕಿದೆಯೋ ಸತ್ತೆಯೋ ಎಂದು ದಾಳವೇ ಹೇಳುತ್ತದೆ. ಸತ್ತ ಯೋಧ ಸತ್ತ ಹಾಗೇ. ಇನ್ನೊಬ್ಬನನ್ನು ಹುಟ್ಟಿಸಿಕೊಂಡು ಬರಬೇಕು.

ಆರ್ವಿಲ್‌ಗೆ ಒಂದು ಚಟವಿತ್ತು. ಆಟ ಮುಗಿದ ಮೇಲೆ ಯಾರನ್ನೂ ಏಳಲು ಬಿಡದೆ ಒಬ್ಬೊಬ್ಬರನ್ನೇ ಕೇಳುತ್ತಿದ್ದ. "ಏನು ಹಿಡಿಸಲಿಲ್ಲ? ಸಂಕೋಚ ಬೇಡ, ಹೇಳಿ." ಹೇಳದೆ ಇರುತ್ತಾರೆಯೇ? ಮುಂದಿನ ಶನಿವಾರಕ್ಕೆ ನಿಯಮ ಬದಲು.

"ಹೀಗೆ ಕೇಳಿ ಕೇಳಿ ಏನು ಸಿಗುತ್ತೆ ನಿನಗೆ?" ಎಂದೆ ಒಮ್ಮೆ.

"ಒಬ್ಬರೂ ಎದ್ದು ಹೋಗಬಾರದು ಮಿಸೆಸ್ ಬ್ರೋಟನ್. ಅಷ್ಟೇ ನನಗೆ ಬೇಕಾಗಿರೋದು."

ನನ್ನ ಎಮಿಲ್ ಆ ನೆಲಮಾಳಿಗೆಯ ಮೇಜಿನ ಮೇಲೆಯೇ ಜೀವಮಾನವಿಡೀ ಇಸ್ಪೀಟು ಆಡಿದ. ಕೆಟ್ಟ ಎಲೆ ಬಂದರೆ ಬೈದುಕೊಂಡು, ಒಂದು ಗುಟುಕು ಬಿಯರ್ ಕುಡಿದು, ಮತ್ತೆ ಕಲಸು ಎನ್ನುತ್ತಿದ್ದ. ರಾಣಿಗೆ ಬೆಲೆ ಕಮ್ಮಿ ಮಾಡಿ ಎಂದು ಯಾರ ಹತ್ತಿರವೂ ಅಳಲಿಲ್ಲ.

ಅಳುವುದರಲ್ಲಿ ನಮ್ಮ ಡೆಲ್ಬರ್ಟೇ ಮುಂದು. ಅವನ ಯೋಧನಿಗೆ ಒಂದು ಜೇಡ ಕಚ್ಚಿತು. ದಾಳ ಕೆಟ್ಟದಾಗಿ ಬಿತ್ತು, ಯೋಧ ಸತ್ತ. ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂದವನ ಮುಖ ಮಣ್ಣುಮಾಡಿ ಬಂದವನ ಹಾಗಿತ್ತು.

"ಜೇಡಕ್ಕೆ ಸಾಯೋದಾ ಚಿಕ್ಕಮ್ಮ? ಇದು ನಿಯಮನಾ?"

"ಅಷ್ಟು ಹೆದರಿಕೆ ಇದ್ದೋನು ಗುಹೆಗೆ ಯಾಕಪ್ಪ ಹೋದೆ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳ ಮಾತು ಕೇಳಿ ನೆಲ ಅಗೆಯುವ ಮಹಾನುಭಾವನನ್ನು ಕಂಡದ್ದು ನಾನೊಬ್ಬಳೇ ಇರಬೇಕು. ಮುಂದಿನ ವಾರ ಜೇಡ ಕಚ್ಚಿದರೆ ಬರೀ ಜ್ವರ. ಆಮೇಲೆ ಕಳ್ಳ ಗೊಣಗಿದ, ಗುಹೆಯಲ್ಲಿ ಹೂತಿಟ್ಟ ಈಟಿಗಳೆಲ್ಲ ಮೊಂಡಾದವು. ಮಂತ್ರವಾದಿ ಮುನಿಸಿಕೊಂಡ, ಮಂತ್ರ ಮುಗಿಯುವುದೇ ನಿಂತಿತು. ಕತ್ತೆಯಂತೂ ಬೆಟ್ಟವನ್ನೇ ಹೊರತೊಡಗಿತು. ಚಳಿಗಾಲ ಅರ್ಧ ಕಳೆಯುವುದರೊಳಗೆ ಕೆಳಗೆ ಯಾರಿಗೂ ಒಂದು ತರಚುಗಾಯವೂ ಆಗುತ್ತಿರಲಿಲ್ಲ.

ಅವರ ಜೊತೆ ಕೊರೀನ್ ಎಂಬ ಹೆಂಗಸೂ ಇದ್ದಳು, ಬಾರಿನಲ್ಲಿ ಪ್ರತಿ ಶುಕ್ರವಾರ ಮೀನು ಕರಿಯುವವಳು. ಆಟದಲ್ಲಿ ಅವಳು ಗಾಯ ವಾಸಿ ಮಾಡುವ ಸನ್ಯಾಸಿನಿ. ಕೇಳಿದಾಗಲೆಲ್ಲ "ಚೆನ್ನಾಗಿತ್ತು" ಎನ್ನುವಳು. ಆರ್ವಿಲ್ ಖುಷಿಯಿಂದ ಮುಂದಿನವರ ಕಡೆ ತಿರುಗುವನು. ಒಂದು ದಿನ ಆಟದ ನಡುವೆಯೇ ಮೇಲೆ ಬಂದು ನನ್ನ ಜೊತೆ ಆಲೂಗಡ್ಡೆ ಸುಲಿಯಲು ಕೂತಳು.

"ಕೆಳಗೆ ಆಟ ಇಲ್ವೇನೇ?"

"ನನಗೇನು ಕೆಲಸ ಅಲ್ಲಿ, ಮಿಸೆಸ್ ಬ್ರೋಟನ್? ಯಾರಿಗೂ ಗಾಯ ಆಗಲ್ಲ, ಯಾರೂ ಸಾಯಲ್ಲ. ಹೋದ ವಾರ ಕೂತು ಒಂದು ಕಾಲ್ಚೀಲ ಹೆಣೆದೆ."

"ಕೇಳ್ತಾನಲ್ಲ ಅವನು, ಹೇಳಬಾರದಾ?"

"ಹೇಳಿದ್ರೆ ಅದಕ್ಕೂ ಒಂದು ನಿಯಮ ಮಾಡ್ತಾನೆ."

ಆಲೂಗಡ್ಡೆ ಮುಗಿಸಿ ಕೋಟು ಹಾಕಿಕೊಂಡು ಹೋದಳು. ಮತ್ತೆ ಬರಲಿಲ್ಲ. ಅವಳ ಹಿಂದೆಯೇ ಕಳ್ಳನಿಗೆ ಸೊಂಟನೋವು ಬಂತು, ಮಂತ್ರವಾದಿಗೆ ನೆಂಟರು ಬಂದರು. ಡೆಲ್ಬರ್ಟ್ ನನಗೂ ಮುಖ ತೋರಿಸಲಿಲ್ಲ. ಆರ್ವಿಲ್ ಮಾತ್ರ ಶನಿವಾರ ತಪ್ಪದೆ ಬಂದು, ರಟ್ಟು ನಿಲ್ಲಿಸಿ, ಖಾಲಿ ಕುರ್ಚಿಗಳ ಮುಂದೆ ಕೂತು ಹೊಸ ಹೊಸ ನಿಯಮ ಬರೆಯುತ್ತಿದ್ದ. ಇನ್ನೂ ಸುಲಭದವು.

ಕೊನೆಗೆ ನಾನೇ ಡೆಲ್ಬರ್ಟನ ಮನೆಗೆ ಹೋದೆ. ಹೋದರೆ, ಇವರೆಲ್ಲ ಅಲ್ಲಿದ್ದಾರೆ! ರಟ್ಟಿನ ಹಿಂದೆ ನಮ್ಮ ಡೆಲ್ಬರ್ಟ್. ಕಳ್ಳ ಸತ್ತು, ತಲೆ ಮೇಲೆ ಕೈಹೊತ್ತು ನಗುತ್ತಿದ್ದ. ಕೊರೀನ್ ತೋಳೇರಿಸಿಕೊಂಡು ಇನ್ನೊಬ್ಬನ ಪ್ರಾಣ ಉಳಿಸಲು ದಾಳ ಹಾಕುತ್ತಿದ್ದಳು.

"ಈ ಕಳ್ಳನಿಗೆ ಏನಾಯ್ತೋ?"

"ಹಾವು ಕಚ್ತು. ನನ್ನ ಮನೇಲಿ ಕಚ್ಚಿದ್ರೆ ಸಾವೇ, ಚಿಕ್ಕಮ್ಮ."

"ಆಟ ಮುಗಿದ ಮೇಲೆ ಹೇಗಿತ್ತು ಅಂತ ಕೇಳ್ತೀಯಾ?"

"ಯಾಕೆ ಕೇಳಬೇಕು?" ಎಂದ, ಜೇಡಕ್ಕೆ ಅತ್ತ ಗಂಡು.

ಮುಚ್ಚಿಡುವುದು ನನಗೆ ಬರುವುದಿಲ್ಲ. ಮರುದಿನ ಆರ್ವಿಲ್ ನನ್ನ ಬಾಯ್ಲರ್ ನೋಡಲು ಬಂದಾಗ ಎಲ್ಲವನ್ನೂ ಹೇಳಿದೆ. "ನಿನ್ನ ಹತ್ರ ಸಾಯೋಕೆ ಅತ್ತೋರು ಅಲ್ಲಿ ಸಾಯೋಕೆ ಓಡಿಹೋಗಿದ್ದಾರೆ, ಮಹರಾಯ." ಅವನು ಸ್ಪ್ಯಾನರ್ ಒರೆಸುತ್ತಾ ನಿಂತ. ಏನು ಹಿಡಿಸಲಿಲ್ಲವಂತೆ ಎಂದು ಕೇಳುತ್ತಾನೆ, ನಾಲ್ಕು ಬಿಗಿಯೋಣ ಎಂದು ಕಾದೆ. ಮುಂದೆ ವಸಂತ ಬಂದಾಗ ಅವನು ಉತ್ತರದ ಕಡೆ ಕೆಲಸ ಹಿಡಿದು ಊರು ಬಿಟ್ಟ. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ. ಅಂದು ಬಾಯ್ಲರ್ ಪಕ್ಕ ನಿಂತು ಕೇಳಿದ್ದೇ ಕೊನೆ.

"ಅಲ್ಲಿ ಒಂದು ಕುರ್ಚಿ ಖಾಲಿ ಇದೆಯಾ ಅಂತ ಡೆಲ್ಬರ್ಟ್‌ನ ಕೇಳ್ತೀರಾ, ಮಿಸೆಸ್ ಬ್ರೋಟನ್? ನಡೆಸೋಕಲ್ಲ. ಆಡೋಕೆ."

"ಮೊದಲನೇ ದಿನವೇ ನಿನ್ನ ಸಾಯಿಸ್ತಾನೆ ಅವನು."

"ಸಾಯಿಸ್ಲಿ. ನಾನು ಒಂದು ಮಾತೂ ಆಡಲ್ಲ ಅಂತ ಹೇಳಿ. ಕೇಳ್ತೀರಾ?"